ಹುಲಿ ಮರಳಿತು, ತೋಳ ಕಾಯುತ್ತಿದೆ



ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನೋಡಿದ್ದೀರಾ? ನಗರ ದಾಟಿದೊಡನೆ ಎರೆಭೂಮಿ, ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ. ಮುಂದೆ ನೆಲ ಏರಿಳಿಯತೊಡಗುತ್ತದೆ, ಅಲ್ಲಲ್ಲಿ ಮಣ್ಣು ಕೆಂಪಾಗುತ್ತದೆ. ಕಮಲಾಪುರ ಬಂತೆಂದರೆ ಹೆಸರಾಂತ ಕೆಂಪು ಬಾಳೆಯ ಸೀಮೆ. ಈ ಹೊಲ ಮತ್ತು ತೋಟಗಳ ನಡುನಡುವೆ ಕುರುಚಲು ಗಿಡ, ಒಣಹುಲ್ಲು, ಕಲ್ಲುದಿಬ್ಬಗಳ ತುಂಡು ನೆಲಗಳಿವೆ. ಕುರಿಗಾಹಿಗಳನ್ನು ಬಿಟ್ಟರೆ ಅತ್ತ ನೋಡುವವರು ಕಡಿಮೆ. ಸರಕಾರಿ ಕಾಗದಗಳಲ್ಲಿ ಅವಕ್ಕೆ ಬಂಜರು, ಬೀಳು, ಪಡ ಎಂಬ ಹೆಸರುಗಳು.

ಇಂಥ ನೆಲವನ್ನೇ ಮನೆ ಮಾಡಿಕೊಂಡ ಒಂದು ಬೇಟೆಗಾರ ಪ್ರಾಣಿಯ ಚರಿತ್ರೆ ಇದು. ಅದರ ಹೆಸರು ನಿಮಗೆ ಒಂದನೆಯ ತರಗತಿಗಿಂತ ಮೊದಲೇ ಗೊತ್ತು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಕೇಳದವರು ಯಾರು? ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯೂ ನಿಮಗೆ ಗೊತ್ತು. ಕಷ್ಟಕ್ಕೆ ಸಿಕ್ಕವನ ಮೇಲೆ ಎಲ್ಲರೂ ಕೈಮಾಡುವುದನ್ನು ಹೇಳಲು ನಾವು ಅದನ್ನು ಬಳಸುತ್ತೇವೆ. ಆದರೆ ಅದರ ನೇರ ಅರ್ಥವೇ ಒಂದು ಚರಿತ್ರೆ. ಕಳೆದ ನೂರೈವತ್ತು ವರ್ಷಗಳಲ್ಲಿ ನಮ್ಮ ದೇಶದ ತೋಳಕ್ಕೆ ಆದದ್ದು ಹೆಚ್ಚುಕಡಿಮೆ ಅದೇ.

ಪ್ರಶ್ನೆ ಇಷ್ಟು. ಹುಲಿ ಮತ್ತು ತೋಳ ಎರಡೂ ಅಳಿವಿನ ಅಂಚಿಗೆ ಬಂದವು. ಎರಡಕ್ಕೂ ಒಂದೇ ಕಾನೂನು ರಕ್ಷಣೆ ಕೊಟ್ಟಿತು. ಹುಲಿ ಚೇತರಿಸಿಕೊಂಡಿತು. ತೋಳ ಏಕೆ ಹಾಗೆ ಚೇತರಿಸಿಕೊಳ್ಳಲಿಲ್ಲ?

ಬಯಲಿನ ಬೇಟೆಗಾರರು

ಕಮಲಾಪುರದಿಂದ ಹುಮನಾಬಾದಿನ ಮೇಲೆ ಹಾದುಹೋದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ರಾಜಧಾನಿ ಅದು. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅಡುಗೆಯಿಂದ ಆನೆಯವರೆಗೆ ಅರಸನ ಬದುಕಿನ ಎಲ್ಲ ವಿಷಯಗಳೂ ಅದರಲ್ಲಿವೆ. ಪಳಗಿಸಿದ ಚೀತಾಗಳನ್ನು ಜಿಂಕೆಯ ಮೇಲೆ ಬಿಟ್ಟು ಬೇಟೆಯಾಡುವ ಮಾತೂ ಇದೆ. ಈ ಬಗೆಯ ಬೇಟೆಯ ಬಗ್ಗೆ ನಮ್ಮ ದೇಶದಲ್ಲಿ ಉಳಿದಿರುವ ಬಹಳ ಹಳೆಯ ಬರಹಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಚೀತಾಕ್ಕೆ ಸಿವಂಗಿ ಎಂಬ ಹೆಸರಿತ್ತು. ಪ್ರಾಣಿ ಹೋದ ಮೇಲೆ ಹೆಸರೂ ಬಳಕೆ ತಪ್ಪಿತು.

ದಖ್ಖನಿನ ಬಯಲಿನಲ್ಲಿ ಹೀಗೆ ಇಬ್ಬರು ಓಟಗಾರರಿದ್ದರು. ಚೀತಾ ಕೆಲವೇ ನೂರು ಮೀಟರು ಸಿಡಿಲಿನಂತೆ ಓಡಿ ಬೇಟೆ ಹಿಡಿಯುತ್ತದೆ. ತೋಳಕ್ಕೆ ಅಂಥ ವೇಗವಿಲ್ಲ, ಬದಲಿಗೆ ದಮ್ಮು ಇದೆ. ಗುಂಪಾಗಿ, ಸರದಿಯ ಮೇಲೆ, ದೂರದವರೆಗೆ ಅಟ್ಟಿಸಿಕೊಂಡು ಹೋಗುತ್ತದೆ. ಇಬ್ಬರ ಕಣ್ಣೂ ಕೃಷ್ಣಮೃಗದ ಮೇಲೆ.

ಸಾಕಿದ ಚೀತಾ ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ಆದ್ದರಿಂದ ಅರಸರ ಬೇಟೆಗೆ ಬೇಕಾದ ಪ್ರತಿಯೊಂದು ಚೀತಾವನ್ನೂ ಕಾಡಿನಿಂದಲೇ ಹಿಡಿದು ತರಬೇಕಿತ್ತು. ಶತಮಾನಗಳ ಕಾಲ ಹೀಗೆ ಹಿಡಿದದ್ದು, ಬಯಲು ಹೊಲವಾದದ್ದು, ಬಂದೂಕು ಬಂದದ್ದು, ಮೂರೂ ಕೂಡಿ ಚೀತಾದ ಕಥೆ ಮುಗಿಸಿದವು. 1947ರಲ್ಲಿ ಈಗಿನ ಛತ್ತೀಸಗಢದ ಕೋರಿಯಾ ಸಂಸ್ಥಾನದ ಅರಸರು ಒಂದೇ ರಾತ್ರಿ ಮೂರು ಚೀತಾಗಳನ್ನು ಹೊಡೆದರು. ನಮ್ಮ ದೇಶದ ಕೊನೆಯ ಚೀತಾಗಳೆಂದು ಚರಿತ್ರೆ ಗುರುತಿಸುವುದು ಅವನ್ನೇ. 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. ಎಪ್ಪತ್ತು ವರ್ಷಗಳ ನಂತರ, 2022ರ ಸೆಪ್ಟೆಂಬರ್ 17ರಂದು, ನಮೀಬಿಯಾದಿಂದ ಎಂಟು ಚೀತಾಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಡಬೇಕಾಯಿತು. ಕಳೆದುಕೊಂಡದ್ದನ್ನು ಮರಳಿ ತರುವುದು ಎಷ್ಟು ಕಷ್ಟ, ಎಷ್ಟು ಖರ್ಚು ಎಂಬುದಕ್ಕೆ ಇದೇ ಸಾಕ್ಷಿ. ಬಯಲಿನ ಎರಡನೆಯ ಓಟಗಾರ ಮಾತ್ರ ಇನ್ನೂ ಉಳಿದಿದೆ.

ತಲೆಗೆ ಬಹುಮಾನ

ಅರಸರು ಮೋಜಿಗೆ ಬೇಟೆಯಾಡಿದರು. ಬ್ರಿಟಿಷ್ ಆಡಳಿತಕ್ಕೆ ಬೇಟೆ ಕಂದಾಯದ ವಿಷಯವೂ ಆಗಿತ್ತು. ಉಳುವ ಭೂಮಿ ಹೆಚ್ಚಿದರೆ ಕಂದಾಯ ಹೆಚ್ಚು. ಉಳುವವನ ದನ, ಕುರಿ, ಮಕ್ಕಳಿಗೆ ಅಪಾಯ ತರುವ ಪ್ರಾಣಿ ಆಡಳಿತಕ್ಕೂ ಶತ್ರು. ಹುಲಿ, ಚಿರತೆ, ತೋಳಗಳನ್ನು ‘ಉಪದ್ರವಕಾರಿ’ ಪಟ್ಟಿಗೆ ಸೇರಿಸಿ, ಕೊಂದು ತಂದವರಿಗೆ ಹಣ ಕೊಡುವ ಪದ್ಧತಿ ಜಾರಿಗೆ ಬಂತು. ಮರಿಗೂ ಹಣವಿತ್ತು.

ಇತಿಹಾಸಕಾರ ಮಹೇಶ ರಂಗರಾಜನ್ ಹಳೆಯ ದಾಖಲೆಗಳನ್ನು ಕೂಡಿಸಿ ತೆಗೆದ ಲೆಕ್ಕ ನೋಡಿ. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಸತ್ತ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು ಸುಮಾರು 2,00,000. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ತೋಳದ್ದು. ಆದರೂ ನಮ್ಮ ನೆನಪಿನಲ್ಲಿ ಉಳಿದದ್ದು ಹುಲಿಯ ಬೇಟೆ ಮಾತ್ರ. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳ ಫೋಟೋ ಎಷ್ಟೋ ಅರಮನೆಗಳ ಗೋಡೆಯ ಮೇಲಿವೆ. ತೋಳದ ಬೇಟೆಯಲ್ಲಿ ಅಂಥ ಪ್ರತಿಷ್ಠೆ ಇರಲಿಲ್ಲ. ಅದರ ಗವಿಗೆ ಹೊಗೆ ಹಾಕುತ್ತಿದ್ದರು, ಮರಿಗಳನ್ನು ಹೊರಗೆಳೆದು ಕೊಲ್ಲುತ್ತಿದ್ದರು, ಕಳೇಬರಕ್ಕೆ ವಿಷ ಬೆರೆಸುತ್ತಿದ್ದರು.

ಒಂದು ಕಾನೂನು, ಎರಡು ಫಲ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಗಣತಿ ದೇಶದಲ್ಲಿ ಉಳಿದ ಹುಲಿಗಳು 1,827 ಎಂದಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆಯ್ದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಹಾದಿ ಸಲೀಸಾಗಿರಲಿಲ್ಲ. 2005ರಲ್ಲಿ ರಾಜಸ್ಥಾನದ ಸಾರಿಸ್ಕಾ ಹುಲಿಧಾಮದಲ್ಲಿ ಒಂದೇ ಒಂದು ಹುಲಿಯೂ ಉಳಿದಿಲ್ಲವೆಂದು ತಿಳಿದಾಗ ದೇಶವೇ ಬೆಚ್ಚಿತು. 2006ರ ಹೊಸ ಬಗೆಯ ಗಣತಿ 1,411 ಎಂದು ಹೇಳಿತು. ಅಲ್ಲಿಂದ ಸಂಖ್ಯೆ ಏರುತ್ತ ಬಂದು, 2022ರ ಗಣತಿಯಲ್ಲಿ 3,682ಕ್ಕೆ ಮುಟ್ಟಿತು.

ಕರ್ನಾಟಕದ ಲೆಕ್ಕ ಇನ್ನೂ ಸ್ಪಷ್ಟ. 2006ರಲ್ಲಿ 290, 2010ರಲ್ಲಿ 300, 2014ರಲ್ಲಿ 406, 2018ರಲ್ಲಿ 524, 2022ರಲ್ಲಿ 563.

ಇದು ಹೇಗೆ ಸಾಧ್ಯವಾಯಿತು? ಮೂರು ಕಾರಣಗಳನ್ನು ಗುರುತು ಮಾಡಿಕೊಳ್ಳಿ. ಒಂದು, ಹುಲಿಗೆ ಒಂದು ನೆಲವಿತ್ತು ಮತ್ತು ಆ ನೆಲಕ್ಕೆ ಹೆಸರಿತ್ತು. ಮೈಸೂರು ಮಹಾರಾಜರು 1931ರಲ್ಲಿಯೇ ಬಂಡೀಪುರದ ಭಾಗವನ್ನು ವನ್ಯಧಾಮವಾಗಿ ಕಾದಿರಿಸಿದ್ದರು. ಎರಡು, ಆ ನೆಲದಲ್ಲಿ ಆಹಾರವಿತ್ತು. ಕಳ್ಳಬೇಟೆ ತಡೆದ ಕಡೆ ಕಡವೆ, ಚುಕ್ಕೆ ಜಿಂಕೆ, ಕಾಡೆಮ್ಮೆ ಹೆಚ್ಚಿದವು, ಅವುಗಳ ಹಿಂದೆ ಹುಲಿಯೂ ಹೆಚ್ಚಿತು. ಮೂರು, ಹುಲಿಯನ್ನು ಎಣಿಸಬಹುದಿತ್ತು. ಈ ಮೂರನೆಯ ಕಾರಣವನ್ನು ಸ್ವಲ್ಪ ಬಿಡಿಸಿ ನೋಡೋಣ.

ಪಟ್ಟೆ ಇಲ್ಲದ ಪ್ರಾಣಿಯ ಲೆಕ್ಕ

ನಮ್ಮ ಬೆರಳಚ್ಚಿನಂತೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಹೊಂದುವುದಿಲ್ಲ. ಹುಲಿ ನಡೆಯುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಅದು ಎದುರಿಗೆ ಬಂದೊಡನೆ ತಾನಾಗಿಯೇ ಚಿತ್ರ ತೆಗೆಯುವಂತೆ ಮಾಡಿದರೆ, ಯಾವ ಹುಲಿ ಎಷ್ಟು ಸಲ ಬಂತು ಎಂದು ಗುರುತಿಸಬಹುದು. ಅದರಿಂದ ಒಟ್ಟು ಸಂಖ್ಯೆಯನ್ನು ಗಣಿತದಿಂದ ಅಂದಾಜಿಸಬಹುದು. ಈ ವಿಧಾನವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪ್ರಯೋಗಿಸಿ ಬೆಳೆಸಿದವರು ಕನ್ನಡಿಗರೇ ಆದ ವಿಜ್ಞಾನಿ ಡಾ. ಉಲ್ಲಾಸ ಕಾರಂತ. ಲೆಕ್ಕ ಸಿಕ್ಕರೆ ಇಳಿಕೆ ಕಾಣುತ್ತದೆ. ಇಳಿಕೆ ಕಂಡರೆ ಪತ್ರಿಕೆ ಬರೆಯುತ್ತದೆ, ಶಾಸನಸಭೆ ಕೇಳುತ್ತದೆ, ಹಣ ಬರುತ್ತದೆ.

ತೋಳಕ್ಕೆ ಪಟ್ಟೆ ಇಲ್ಲ, ಚುಕ್ಕೆ ಇಲ್ಲ. ಒಣಹುಲ್ಲಿನ ಬಣ್ಣದ ಮೈ. ದೂರದಿಂದ ಊರ ನಾಯಿಯಂತೆಯೇ ಕಾಣುತ್ತದೆ. ರಾತ್ರಿ ಹೊರಡುತ್ತದೆ, ಬೆಳಗಾಗುವಷ್ಟರಲ್ಲಿ ಹತ್ತಿಪ್ಪತ್ತು ಕಿಲೋಮೀಟರು ದಾಟಿರುತ್ತದೆ. ಟಿ.ವಿ. ಕಾರ್ಯಕ್ರಮ ಮಾಡುವವರಿಗೂ ಹುಲಿಯ ಚಿತ್ರ ಸಿಗುವುದು ಸುಲಭ, ಸಫಾರಿಯ ದಾರಿಯಲ್ಲಿ ಕಾದರೆ ಒಂದು ದಿನವಾದರೂ ಬರುತ್ತದೆ. ಬಯಲಿನ ತೋಳಕ್ಕೆ ಅಂಥ ಸಫಾರಿಗಳು ಬಹಳ ಕಡಿಮೆ, ಗೊತ್ತಾದ ದಾರಿಯೂ ಇಲ್ಲ. ಹೀಗಾಗಿ ಪರದೆಯ ಮೇಲೆ ನೀವು ನೂರು ಸಲ ಹುಲಿಯನ್ನು ನೋಡಿದ್ದರೆ ತೋಳವನ್ನು ಒಂದು ಸಲ ನೋಡಿದ್ದೀರೋ ಇಲ್ಲವೋ!

ಇನ್ನೊಂದು ತೊಡಕು ವರ್ಗೀಕರಣದ್ದು. ಜಗತ್ತಿನ ಎಲ್ಲ ಬೂದು ತೋಳಗಳನ್ನೂ ಒಂದೇ ಜಾತಿ ಎಂದು ಎಣಿಸುತ್ತಾರೆ. ಕೆನಡಾ, ರಷ್ಯಾಗಳ ತೋಳಗಳೂ ಸೇರಿದಾಗ ಒಟ್ಟು ಸಂಖ್ಯೆ ದೊಡ್ಡದು, ‘ಚಿಂತೆಯಿಲ್ಲ’ ಎಂಬ ಷರಾ ಬೀಳುತ್ತದೆ. ಆದರೆ ನಮ್ಮ ತೋಳ ಅವುಗಳಿಗಿಂತ ಚಿಕ್ಕದು, ತೂಕ ಸುಮಾರು 20 ಕಿಲೋ, ಬಿಸಿಲಿಗೆ ತಕ್ಕಂತೆ ತೆಳ್ಳನೆಯ ಕೂದಲು. ವಂಶವಾಹಿಗಳ ಅಧ್ಯಯನಗಳು ಹೇಳುವುದು ಮತ್ತೂ ಕುತೂಹಲಕರ. ಇಂದು ಬದುಕಿರುವ ತೋಳಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಕವಲೊಡೆದ ಪುರಾತನ ಕೊಂಬೆಗಳಲ್ಲಿ ಭಾರತದ ಬಯಲಿನ ತೋಳವೂ ಒಂದು. 2025ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಮೊದಲ ಬಾರಿಗೆ ಭಾರತದ ತೋಳವನ್ನು ಪ್ರತ್ಯೇಕವಾಗಿ ಪರಿಶೀಲಿಸಿತು. ಉಳಿದಿರುವುದು ಸುಮಾರು 3,000 ಎಂದು ಅಂದಾಜಿಸಿ, ಅಪಾಯಕ್ಕೆ ಒಳಗಾದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಅಂದರೆ ಇಡೀ ದೇಶದಲ್ಲಿ ಹುಲಿಗಿಂತ ತೋಳವೇ ಕಡಿಮೆ!

ಹೆಸರಿಲ್ಲದ ನೆಲ

ಜೀವಶಾಸ್ತ್ರದ ದೃಷ್ಟಿಯಿಂದ ನೋಡಿದರೆ ತೋಳ ಹುಲಿಗಿಂತ ಬೇಗ ಚೇತರಿಸಿಕೊಳ್ಳಬೇಕು. ಹೆಣ್ಣು ಹುಲಿ ಒಂದು ಸೂಲಿಗೆ ಎರಡು ಮೂರು ಮರಿ ಹಾಕಿ, ಅವನ್ನು ಸುಮಾರು ಎರಡು ವರ್ಷ ಸಾಕುತ್ತದೆ. ತೋಳ ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ಚಳಿಗಾಲದಲ್ಲಿ, ನಾಲ್ಕೈದು ಮರಿ ಹಾಕುತ್ತದೆ. ಅವನ್ನು ಸಾಕಲು ಗುಂಪಿನ ಎಲ್ಲರೂ ನೆರವಾಗುತ್ತಾರೆ. ಹಾಗಿದ್ದೂ ಸಂಖ್ಯೆ ಏರುತ್ತಿಲ್ಲವೆಂದರೆ ದೋಷ ಪ್ರಾಣಿಯಲ್ಲಿಲ್ಲ, ಅದರ ನೆಲದಲ್ಲಿದೆ.

ತೋಳದ ನೆಲ ಯಾವುದು? ನಮ್ಮ ಭಾಗದಲ್ಲಿ ಗಾಯರಾಣ ಎಂದು ಕರೆಯುತ್ತೇವಲ್ಲ, ಊರ ದನಕರು ಮೇಯುವ ಸಾಮೂಹಿಕ ಭೂಮಿ, ಅದು. ಜೊತೆಗೆ ಬೀಳು ಹೊಲ, ಹಳ್ಳದ ದಂಡೆ, ಕುರುಚಲು ಗುಡ್ಡ. ಕಂದಾಯ ತರದ ಭೂಮಿಯನ್ನು ಬ್ರಿಟಿಷರು ‘ವೇಸ್ಟ್ ಲ್ಯಾಂಡ್’ ಎಂದರು, ನಾವು ಅದನ್ನು ಬಂಜರು ಎಂದು ಕನ್ನಡಿಸಿ ಉಳಿಸಿಕೊಂಡೆವು. ಬಂಜರು ಎಂದ ಮೇಲೆ ಅದನ್ನು ಉಪಯೋಗಕ್ಕೆ ತರಲೇಬೇಕಲ್ಲ? ಒಂದು ತುಂಡಿಗೆ ನೀಲಗಿರಿ ನೆಡುತೋಪು, ಇನ್ನೊಂದಕ್ಕೆ ಕಲ್ಲಿನ ಕ್ವಾರಿ, ಮತ್ತೊಂದಕ್ಕೆ ಬಡಾವಣೆ ಅಥವಾ ಸೌರ ಫಲಕ. ಪ್ರತಿಯೊಂದಕ್ಕೂ ಅದರದೇ ಸಮರ್ಥನೆ ಉಂಟು. ಆದರೆ ಹುಲ್ಲು ಹೋಯಿತೆಂದರೆ ಕೃಷ್ಣಮೃಗ ಹೊಲಕ್ಕೆ ಬರುತ್ತದೆ, ಮೊಲ ಮರೆಯಾಗುತ್ತದೆ, ತೋಳ ಕುರಿಯ ಹಿಂಡಿನ ಬೆನ್ನು ಹತ್ತುತ್ತದೆ. ಗವಿ ತೋಡಲು ಶಾಂತವಾದ ಜಾಗವೂ ಸಿಗುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಬಯಲಿನ ತೋಳಗಳ ಒಂದು ಗುಂಪು ಅಲೆದಾಡುವ ಪ್ರದೇಶ ಸುಮಾರು 200 ಚದರ ಕಿ.ಮೀ. ನಮ್ಮ ಜಿಲ್ಲೆಯ ಚಿಂಚೋಳಿ ವನ್ಯಧಾಮ 2011ರಲ್ಲಿ ಘೋಷಣೆಯಾದದ್ದು. ತೋಳ, ಕತ್ತೆಕಿರುಬ ಎರಡೂ ಅಲ್ಲಿನ ಪ್ರಾಣಿಗಳ ಪಟ್ಟಿಯಲ್ಲಿವೆ. ಅದರ ವಿಸ್ತೀರ್ಣ 134.88 ಚದರ ಕಿ.ಮೀ. ಒಂದು ಗುಂಪಿಗೂ ಸಾಲದು. ಆಹಾರ ಸಮೃದ್ಧವಾದ ನಾಗರಹೊಳೆಯಂಥ ಕಾಡಿನಲ್ಲಿ ಹೆಣ್ಣು ಹುಲಿಯೊಂದಕ್ಕೆ ಸುಮಾರು 20 ಚದರ ಕಿ.ಮೀ. ಸಾಕು. ಹುಲಿಯನ್ನು ಒಂದು ಗಡಿಯೊಳಗೆ ಕಾಪಾಡಬಹುದು. ತೋಳವನ್ನು ಹಾಗೆ ಕಾಪಾಡಲಾಗದು. ಅದು ಜನರ ನಡುವೆಯೇ ಬದುಕಬೇಕು, ಇಲ್ಲವೇ ಇಲ್ಲವಾಗಬೇಕು. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಜನರ ನಡುವೆ ಬದುಕುವ ಪ್ರಾಣಿಗೆ ಜನರ ನಾಯಿಗಳಿಂದಲೂ ಅಪಾಯ. ಬೀದಿನಾಯಿಗಳಿಂದ ಹುಚ್ಚುರೋಗ ಮತ್ತು ಡಿಸ್ಟೆಂಪರ್ ಎಂಬ ವೈರಸ್ ರೋಗ ತೋಳಕ್ಕೆ ಹರಡುತ್ತವೆ. ತೋಳ ಮತ್ತು ನಾಯಿ ಕೂಡಿ ಮಿಶ್ರತಳಿ ಹುಟ್ಟಿದ್ದು ಮಹಾರಾಷ್ಟ್ರದ ಪುಣೆಯ ಬಳಿ ಪರೀಕ್ಷೆಯಿಂದ ಖಚಿತವಾಗಿದೆ. ಸಾವಿರಾರು ವರ್ಷ ಬೇರೆಯಾಗಿಯೇ ಉಳಿದುಬಂದ ವಂಶ ಹೀಗೆ ಸದ್ದಿಲ್ಲದೆ ಕರಗಬಹುದು.

ಕುರಿಗಾಹಿಯ ಮಾತು

ನಗರದಲ್ಲಿ ಕುಳಿತು ತೋಳವನ್ನು ಉಳಿಸಿ ಎನ್ನುವುದು ಸುಲಭ. ಬಯಲಿನಲ್ಲಿ ಕಂಬಳಿ ಹೊದ್ದು ಕುರಿ ಕಾಯುವವನಿಗೆ ಒಂದು ಕುರಿ ಹೋದರೆ ಮಗಳ ಶಾಲೆಯ ಖರ್ಚು ಹೋದಂತೆ. ತೋಳ ಮನುಷ್ಯರ ಮೇಲೆ ಎರಗುವುದು ಅಪರೂಪ, ಆದರೆ ಸುಳ್ಳಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ತೋಳದ ದಾಳಿಗೆ ಮಕ್ಕಳು ಬಲಿಯಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಆ ತಾಯಂದಿರ ದುಃಖವನ್ನು ಮರೆತು ಮಾಡುವ ಸಂರಕ್ಷಣೆ ನಿಲ್ಲುವುದಿಲ್ಲ.

ಆದರೆ ಕುರಿಗಾಹಿಯ ಬಳಿ ದ್ವೇಷವೊಂದೇ ಇಲ್ಲ, ತಿಳಿವಳಿಕೆಯೂ ಇದೆ. ತೋಳ ತನ್ನ ಪಾಲು ಒಯ್ಯಿತು ಎನ್ನುವ ಮಾತು ದಖ್ಖನಿನ ಕುರಿಗಾರರಲ್ಲಿ ಇಂದಿಗೂ ಕೇಳುತ್ತದೆ. ರಾತ್ರಿ ಕುರಿಗಳನ್ನು ಬಲೆಯ ಹಟ್ಟಿಯೊಳಗೆ ಕೂಡುವುದು, ಒಳ್ಳೆಯ ಕಾವಲು ನಾಯಿ ಸಾಕುವುದು, ಸರದಿಯ ಮೇಲೆ ಎಚ್ಚರವಿರುವುದು, ಇವು ತಲೆಮಾರುಗಳಿಂದ ಬಂದ ಉಪಾಯಗಳು. ಕಾಡುಪ್ರಾಣಿಯಿಂದ ಸಾಕುಪ್ರಾಣಿ ಸತ್ತರೆ ಅರಣ್ಯ ಇಲಾಖೆಯಿಂದ ಪರಿಹಾರವೂ ಉಂಟು. ಆದರೆ ಊರಿಂದೂರಿಗೆ ಅಲೆಯುವ ಕುರಿಗಾಹಿ ಅರ್ಜಿ ಹಿಡಿದು ಕಚೇರಿಗೆ ಎಷ್ಟು ಸಲ ತಿರುಗಿಯಾನು? ಪರಿಹಾರ ಬೇಗ ಕೈಸೇರಿದರೆ ವಿಷದ ಬಾಟಲಿಗೆ ಕೈ ಹೋಗುವುದಿಲ್ಲ. ಇನ್ನೊಂದು ಮಾತು ಮರೆಯಬೇಡಿ. ಗಾಯರಾಣ ಹೋದರೆ ತೋಳದ ಮನೆ ಹೋದಂತೆ, ಕುರಿಯ ಮೇವೂ ಹೋದಂತೆ. ಒಬ್ಬರಿಗೊಬ್ಬರು ಶತ್ರುಗಳೆಂದು ನಾವು ತಿಳಿದ ಈ ಇಬ್ಬರ ನೆಲೆ ಒಂದೇ.

ಬಂಕಾಪುರದ ಮರಿಗಳು

ಆಶೆಯ ಸುದ್ದಿ ನಮ್ಮ ಕಲಬುರಗಿ ವಿಭಾಗದಿಂದಲೇ ಬಂದಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಕಾಡನ್ನು ತೋಳಧಾಮವಾಗಿ ಕಾಪಾಡಲಾಗುತ್ತಿದೆ. 2025ರಲ್ಲಿ ಅಲ್ಲಿ ತೋಳವೊಂದು ಎಂಟು ಮರಿ ಹಾಕಿತು. 332 ಹೆಕ್ಟೇರ್ ಎಂದರೆ 3.3 ಚದರ ಕಿ.ಮೀ. ಮಾತ್ರ, ಒಂದು ಗುಂಪಿಗೆ ಬೇಕಾದ ನೆಲದಲ್ಲಿ ಅರವತ್ತರಲ್ಲಿ ಒಂದು ಪಾಲು. ಹಾಗಾದರೆ ಅದರ ಉಪಯೋಗವೇನು? ಅದು ಬಾಣಂತಿ ಕೋಣೆ ಇದ್ದಂತೆ. ಮರಿಗಳು ಕಣ್ಣು ಬಿಟ್ಟು, ಗವಿಯಿಂದ ಹೊರಬಂದು ಓಡಾಡುವವರೆಗೆ ಯಾರೂ ಹೊಗೆ ಹಾಕದ, ಅಗೆಯದ ಜಾಗ ಒಂದು ಸಿಕ್ಕರೆ ಸಾಕು, ಉಳಿದದ್ದನ್ನು ತೋಳವೇ ನೋಡಿಕೊಳ್ಳುತ್ತದೆ. ಆದರೆ ಆ ಎಂಟು ಮರಿಗಳು ಬೆಳೆದು ಕಾಲಿಡುವುದು ಸುತ್ತಲಿನ ಹೊಲ, ಗಾಯರಾಣಗಳಿಗೇ.

ಜನನಿಬಿಡ ನಾಡಿನಲ್ಲಿ ಇದು ಸಾಧ್ಯವೇ ಎಂದು ಕೇಳುವಿರಾ? ಇಟಲಿಯನ್ನು ನೋಡಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಉಳಿದಿದ್ದ ತೋಳಗಳು ಸುಮಾರು ನೂರು. ಬೇಟೆ ನಿಷೇಧಿಸಿದರು, ವಿಷ ನಿಲ್ಲಿಸಿದರು. ಯಾರೂ ಹೊರಗಿನಿಂದ ತೋಳ ತಂದು ಬಿಡಲಿಲ್ಲ. ಬೆಟ್ಟದ ಸಾಲು ಹಿಡಿದು ಅವು ತಾವಾಗಿಯೇ ಹರಡಿದವು. 2020-21ರ ಗಣತಿಯಲ್ಲಿ ಸಂಖ್ಯೆ ಸುಮಾರು 3,300. ಜರ್ಮನಿಯಲ್ಲಿ ಒಂದೂವರೆ ಶತಮಾನ ಕಾಣದ ತೋಳ 2000ದಲ್ಲಿ ಮತ್ತೆ ಮರಿ ಹಾಕಿತು, ಅದೂ ಸೈನ್ಯದ ತರಬೇತಿ ಮೈದಾನದ ಸೀಮೆಯಲ್ಲಿ. ಅಲ್ಲಿಯೂ ಕುರಿಗಾರರ ದೂರುಗಳಿವೆ, ವಾದ ವಿವಾದಗಳಿವೆ. ಆದರೂ ತೋಳಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಸ್ವಲ್ಪ ನೆಲ ಮತ್ತು ಸ್ವಲ್ಪ ಸೈರಣೆ ಎಂಬುದಕ್ಕೆ ಈ ದೇಶಗಳು ನಿದರ್ಶನ.

ಹುಲಿಯನ್ನು ಉಳಿಸಿದ್ದು ಹೆಚ್ಚಾಗಿ ಸರಕಾರ, ಕಾಡಿನೊಳಗೆ. ತೋಳವನ್ನು ಉಳಿಸಬೇಕಾದವರು ಊರವರು, ಊರಿನ ಎಲ್ಲೆಯೊಳಗೆ. ನಿಮ್ಮ ಊರಿನ ಗಾಯರಾಣ ಎಷ್ಟು ಎಕರೆ, ಅದು ಏನಾಗಬೇಕು ಎಂದು ಗ್ರಾಮಸಭೆಯಲ್ಲಿ ಮಾತು ಬರುವಾಗ ಇನ್ನು ಕೆಲವೇ ವರ್ಷಗಳಲ್ಲಿ ನೀವೂ ಅಲ್ಲಿ ಕೈ ಎತ್ತುವವರು.

ಕಾರ್ಯಕ್ರಮ ನೋಡಿದ ಮೇಲೆ ಚರ್ಚಿಸಿ

1. ನಿಮ್ಮ ಊರಿನ ಅಥವಾ ಅಜ್ಜನ ಊರಿನ ಗಾಯರಾಣದಲ್ಲಿ ಹಿಂದೆ ಯಾವ ಪ್ರಾಣಿಪಕ್ಷಿಗಳಿದ್ದವು? ಮನೆಯ ಹಿರಿಯರನ್ನು ಕೇಳಿ ಪಟ್ಟಿ ಮಾಡಿ. ಈಗ ಯಾವುವು ಉಳಿದಿವೆ?

2. ಕುರಿ ಕಾಯುವವರೊಬ್ಬರನ್ನು ಭೇಟಿಯಾಗಿ, ತೋಳದಿಂದ ಹಿಂಡನ್ನು ಕಾಯುವ ಉಪಾಯಗಳನ್ನು ಬರೆದುಕೊಳ್ಳಿ.

3. ‘ಬಂಜರು’ ಎಂಬ ಪದದ ಬದಲು ಈ ನೆಲಕ್ಕೆ ನೀವು ಯಾವ ಹೆಸರು ಕೊಡುವಿರಿ? ಹೆಸರು ಬದಲಾದರೆ ಅದರ ಉಪಯೋಗವೂ ಬದಲಾಗುತ್ತದೆಯೇ?

4. ತೋಳದ ಗವಿ ಕಂಡರೆ ಅದರ ಜಾಗವನ್ನು ಎಲ್ಲರಿಗೂ ಸಾರಬಾರದು, ಫೋಟೋ ಹಂಚಬಾರದು, ಅರಣ್ಯ ಇಲಾಖೆಗೆ ಮಾತ್ರ ತಿಳಿಸಬೇಕು. ಏಕೆ? ಕಾರಣ ಬರೆಯಿರಿ.